ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಕೋಚ್ ಹೊರಟುಹೋದ ಮೇಲೆ

2012ರ ನವೆಂಬರ್ 24ರಂದು ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ತನ್ನ ಹಳೆಯ ಎದುರಾಳಿ ಮಿಷಿಗನ್ ತಂಡವನ್ನು 26-21ರಿಂದ ಸೋಲಿಸಿತು. ಆ ಸೀಸನ್‌ನಲ್ಲಿ ಆಡಿದ್ದು ಹನ್ನೆರಡು ಪಂದ್ಯ, ಗೆದ್ದಿದ್ದೂ ಹನ್ನೆರಡು. ಒಂದೂ ಸೋಲಿಲ್ಲದ ತಂಡ ರಾಷ್ಟ್ರೀಯ ಪ್ರಶಸ್ತಿಗೆ ಆಡಬೇಕು ತಾನೇ? ಆ ಹುಡುಗರು ಅಂದು ಸಂಜೆಯೇ ಬೂಟು ಬಿಚ್ಚಿಟ್ಟರು. ಸೀಸನ್ ಮುಗಿದ ಮೇಲೆ ನಡೆಯುವ ಬೌಲ್ ಪಂದ್ಯಗಳಲ್ಲಿ ಆಡದಂತೆ ಅವರ ತಂಡಕ್ಕೆ ಒಂದು ವರ್ಷದ ನಿಷೇಧವಿತ್ತು. ಕೆಲವು ವರ್ಷ ಹಿಂದೆ ಒಂದಿಷ್ಟು ಆಟಗಾರರು ತಮ್ಮ ಉಂಗುರ, ಜೆರ್ಸಿಗಳನ್ನು ಮಾರಿಕೊಂಡು ಹಣ, ಹಚ್ಚೆ ಪಡೆದಿದ್ದರು. ವಿಷಯ ಗೊತ್ತಿದ್ದೂ ಕೋಚ್ ಜಿಮ್ ಟ್ರೆಸೆಲ್ ಮುಚ್ಚಿಟ್ಟಿದ್ದರು. ಆ ತಪ್ಪಿಗೆ ಈ ಶಿಕ್ಷೆ. 2012ರಲ್ಲಿ ಹೊಸದಾಗಿ ಸೇರಿದ್ದ ಹುಡುಗರು ಆ ಉಂಗುರ ಕೈ ಬದಲಾಯಿಸುವಾಗ ಇನ್ನೂ ಹೈಸ್ಕೂಲಿನಲ್ಲಿದ್ದರು.

ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಓದುವಾಗೆಲ್ಲ ನನಗೆ ನೆನಪಾಗುವುದು ಆ ಹನ್ನೆರಡು ಗೆಲುವು. ಯಾಕೆಂದರೆ ಇಲ್ಲಿ ತನಿಖೆಯ ನೆರಳು ಬಿದ್ದ ಕೋಚ್ ವೃತ್ತಿಪರ ಲೀಗ್‌ಗೆ ಹಾರಿದಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಓಡಿಹೋದರಾ?’ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಮನಸ್ಸಿನೊಳಗಿನ ಕಾರಣವನ್ನು ಯಾವ ಸಮಿತಿಯೂ ಅಳೆಯಲಾರದು. ಕೇಳಬೇಕಾದ ಪ್ರಶ್ನೆ ಬೇರೆ. ಅವರು ಹೋದ ಮೇಲೆ ಶಿಕ್ಷೆ ಯಾರ ವಿಳಾಸಕ್ಕೆ ತಲುಪುತ್ತದೆ?

ಮೊದಲು ಈ ಆಟದ ಮನೆಯೊಳಗಿನ ವ್ಯವಸ್ಥೆಯನ್ನು ನೋಡೋಣ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್‌ಗೆ ಆ ದೇಶದಲ್ಲಿ ಎರಡು ದೊಡ್ಡ ನೆಲೆಗಳು. ಒಂದು, 32 ತಂಡಗಳ ವೃತ್ತಿಪರ ಲೀಗ್ ಎನ್‌ಎಫ್‌ಎಲ್. ಇನ್ನೊಂದು, ವಿಶ್ವವಿದ್ಯಾಲಯಗಳ ಆಟ. ಎರಡನೆಯದು ಕಾಲೇಜು ಹುಡುಗರ ಸಂಜೆಯ ಆಟ ಎಂದುಕೊಂಡರೆ ತಪ್ಪಾಗುತ್ತದೆ. ಆನ್ ಆರ್ಬರ್ ಊರಿನ ಮಿಷಿಗನ್ ಕ್ರೀಡಾಂಗಣದಲ್ಲಿ ಕೂರಲು 1,07,601 ಜನರಿಗೆ ಜಾಗವಿದೆ. ಶನಿವಾರ ಬಂತೆಂದರೆ ಊರಿಗೆ ಊರೇ ಅಲ್ಲಿರುತ್ತದೆ. ಟಿವಿ ಹಕ್ಕಿನ ಹಣ, ಟಿಕೆಟ್ ಹಣ, ಹಳೆಯ ವಿದ್ಯಾರ್ಥಿಗಳ ದೇಣಿಗೆ ಎಲ್ಲವೂ ಇದರ ಸುತ್ತಲೇ ಹರಿಯುತ್ತವೆ. ಹಲವು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಅತಿ ಹೆಚ್ಚು ಪಡೆಯುವವರು ಸರ್ಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್.

ಈ ಕಾಲೇಜು ಆಟಕ್ಕೆ ನಿಯಮ ಮಾಡುವುದು ಎನ್‌ಸಿಎಎ ಎಂಬ ಸಂಘ. ಇದು ಸರ್ಕಾರವಲ್ಲ, ನ್ಯಾಯಾಲಯವೂ ಅಲ್ಲ. ವಿಶ್ವವಿದ್ಯಾಲಯಗಳು ತಾವಾಗಿ ಸೇರಿ ಕಟ್ಟಿಕೊಂಡ ಸಂಸ್ಥೆ. ಸಾಕ್ಷಿಗೆ ಸಮನ್ಸ್ ಕೊಟ್ಟು ಕರೆಸುವ ಅಧಿಕಾರ ಇದಕ್ಕಿಲ್ಲ. ಸದಸ್ಯ ಸಂಸ್ಥೆಯ ನೌಕರರಾಗಿದ್ದರೆ ‘ಸಹಕರಿಸದಿದ್ದರೆ ಅದೂ ತಪ್ಪೇ’ ಎಂದು ಹೆದರಿಸಬಹುದು, ಅಷ್ಟೇ. ಕೆಲಸ ಬಿಟ್ಟು ಗೇಟು ದಾಟಿದವರ ಮೇಲೆ ಆ ಹೆದರಿಕೆ ಕೂಡ ನಡೆಯುವುದಿಲ್ಲ.

ತಪ್ಪು ಮಾಡಿದ ಕೋಚ್‌ಗೆ ಎನ್‌ಸಿಎಎ ಕೊಡಬಹುದಾದ ಅತಿ ಕಠಿಣ ಶಿಕ್ಷೆಯ ಹೆಸರು ಕೇಳಿದರೆ ನಮ್ಮ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಪರಿಚಿತ ಅನಿಸುತ್ತದೆ. ಅದು ‘ಶೋಕಾಸ್’. ಆದರೆ ನಮ್ಮಲ್ಲಿ ಕಾರಣ ಕೇಳಿ ನೋಟಿಸ್ ಬರುವುದು ತಪ್ಪು ಮಾಡಿದ ನೌಕರನ ಕೈಗೆ; ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂದು ಅದು ಅವನನ್ನೇ ಕೇಳುತ್ತದೆ. ಅಲ್ಲಿ ಹಾಗಲ್ಲ. ಆ ಕೋಚ್‌ನನ್ನು ಮುಂದೆ ಯಾವ ವಿಶ್ವವಿದ್ಯಾಲಯ ಕೆಲಸಕ್ಕೆ ತೆಗೆದುಕೊಳ್ಳುತ್ತದೋ, ಅದು ಸಮಿತಿಯ ಮುಂದೆ ಬಂದು ಕಾರಣ ಹೇಳಬೇಕು. ಹೇಳಲಾಗದಿದ್ದರೆ ಶಿಕ್ಷೆ ಆ ವಿಶ್ವವಿದ್ಯಾಲಯವನ್ನೂ ಹಿಂಬಾಲಿಸುತ್ತದೆ. ಹಾಗಾಗಿ ಯಾರೂ ಅವನನ್ನು ಮುಟ್ಟುವುದಿಲ್ಲ. ಕಾಲೇಜಿನ ಬೇಲಿಯೊಳಗೆ ಇದು ಬಹಿಷ್ಕಾರಕ್ಕೆ ಸಮ. ಬೇಲಿಯ ಆಚೆ, ಎನ್‌ಎಫ್‌ಎಲ್ ಅಂಗಳದಲ್ಲಿ, ಆ ಕಾಗದಕ್ಕೆ ಬೆಲೆಯಿಲ್ಲ.

ಈಗ ಕೆಲವು ತಾರೀಕುಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಮಯಾಮಿ ವಿಶ್ವವಿದ್ಯಾಲಯಕ್ಕೆ ಎರಡು ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟ ಡೆನಿಸ್ ಎರಿಕ್ಸನ್ 1995ರ ಜನವರಿಯಲ್ಲಿ ಎನ್‌ಎಫ್‌ಎಲ್‌ನ ಸಿಯಾಟಲ್ ಸೀಹಾಕ್ಸ್ ತಂಡಕ್ಕೆ ಹೋದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಮಯಾಮಿಗೆ ಬೌಲ್ ನಿಷೇಧವಾಯಿತು, 31 ವಿದ್ಯಾರ್ಥಿವೇತನಗಳು ಕಡಿತವಾದವು. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪೀಟ್ ಕ್ಯಾರಲ್ 2010ರ ಜನವರಿಯಲ್ಲಿ ಹೊರಟರು, ಕಾಕತಾಳೀಯವಾಗಿ ಅದೇ ಸಿಯಾಟಲ್‌ಗೆ. ಜೂನ್‌ನಲ್ಲಿ ತೀರ್ಪು ಬಂತು. ಆರೆಗನ್ ವಿಶ್ವವಿದ್ಯಾಲಯದ ಚಿಪ್ ಕೆಲ್ಲಿ 2013ರ ಜನವರಿಯಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಸೇರಿದರು. ಆಟಗಾರರನ್ನು ಸೆಳೆಯುವ ಒಬ್ಬ ಮಧ್ಯವರ್ತಿಯ ಸಂಸ್ಥೆಗೆ ತಂಡ 25,000 ಡಾಲರ್ ಕೊಟ್ಟಿದ್ದ ಪ್ರಕರಣದ ತೀರ್ಪು ಬಂದಿದ್ದು ಅದೇ ಜೂನ್‌ನಲ್ಲಿ. ಮಿಷಿಗನ್‌ನ ಜಿಮ್ ಹಾರ್ಬಾ 2024ರ ಜನವರಿಯಲ್ಲಿ ಲಾಸ್ ಏಂಜಲೀಸ್ ಚಾರ್ಜರ್ಸ್ ಸೇರಿದರು. ಅವರ ಮೇಲೆ ಮೊದಲ ಶಿಕ್ಷೆ ಆಗಸ್ಟ್‌ನಲ್ಲಿ, ಎರಡನೆಯದು ಮರುವರ್ಷದ ಆಗಸ್ಟ್‌ನಲ್ಲಿ.

ಪ್ರತಿ ಬಾರಿಯೂ ಜನವರಿ. ಇಷ್ಟು ನೋಡಿದರೆ ಪಲಾಯನ ಎಂದೇ ಅನಿಸುತ್ತದೆ. ಆದರೆ ಎನ್‌ಎಫ್‌ಎಲ್ ತಂಡಗಳು ಕೋಚ್‌ಗಳನ್ನು ತೆಗೆಯುವುದೂ ಹೊಸಬರನ್ನು ಹುಡುಕುವುದೂ ಜನವರಿಯಲ್ಲೇ, ಅವರ ಸೀಸನ್ ಮುಗಿಯುವುದು ಆಗ. ಕ್ಯಾರಲ್ 1990ರ ದಶಕದಲ್ಲೇ ಎನ್‌ಎಫ್‌ಎಲ್‌ನ ಎರಡು ತಂಡಗಳಿಗೆ ಮುಖ್ಯ ಕೋಚ್ ಆಗಿದ್ದವರು. ಹಾರ್ಬಾ ಸ್ಯಾನ್ ಫ್ರಾನ್ಸಿಸ್ಕೊ ತಂಡವನ್ನು ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಒಯ್ದವರು, ಮಿಷಿಗನ್‌ನ ಗೂಢಚರ್ಯೆಯ ಹಗರಣ (ಅದರ ಕಥೆ ಮುಂದೆ ಬರುತ್ತದೆ) ಹೊರಬೀಳುವ ಮೊದಲೇ 2022ರಲ್ಲಿ ಮಿನ್ನೆಸೋಟ ತಂಡದ ಸಂದರ್ಶನಕ್ಕೆ ಹೋಗಿಬಂದವರು. ಹೋಗಲು ಅವರಿಗೆಲ್ಲ ತಮ್ಮದೇ ಆದ ಒಳ್ಳೆಯ ಕಾರಣಗಳಿದ್ದವು. ಅದನ್ನು ಒಪ್ಪಿಕೊಂಡರೂ ಉಳಿದವರ ಪಾಡು ಬದಲಾಗುವುದಿಲ್ಲ.

ಕ್ಯಾರಲ್ ಬಿಟ್ಟುಹೋದ ತಂಡಕ್ಕೆ ಏನಾಯಿತು ನೋಡಿ. ತಾರಾ ಆಟಗಾರ ರೆಜಿ ಬುಷ್ ಮತ್ತು ಅವರ ಕುಟುಂಬ ಏಜೆಂಟರಾಗಲು ಹವಣಿಸುತ್ತಿದ್ದವರಿಂದ ಹಣ, ಮನೆ, ಇತರ ಸವಲತ್ತು ಪಡೆದಿದ್ದರು ಎಂದು ಎನ್‌ಸಿಎಎ ತೀರ್ಮಾನಿಸಿತು. ಬುಷ್ ಕಾಲೇಜು ಬಿಟ್ಟು ಅದಾಗಲೇ ನಾಲ್ಕು ವರ್ಷವಾಗಿತ್ತು. ಶಿಕ್ಷೆ ಮಾತ್ರ 2010ರಲ್ಲಿ ತರಗತಿಯಲ್ಲಿದ್ದವರಿಗೆ: ಎರಡು ವರ್ಷ ಬೌಲ್ ನಿಷೇಧ, ಮೂರು ವರ್ಷಗಳಲ್ಲಿ ಒಟ್ಟು 30 ವಿದ್ಯಾರ್ಥಿವೇತನಗಳ ಕಡಿತ, ಹಳೆಯ 14 ಗೆಲುವುಗಳು ದಾಖಲೆಯಿಂದ ರದ್ದು. ವಿದ್ಯಾರ್ಥಿವೇತನ ಎಂಬುದನ್ನು ಬರೀ ಸಂಖ್ಯೆಯಾಗಿ ಓದಬಾರದು. ಮೂವತ್ತು ಎಂದರೆ ಮೂವತ್ತು ಸೀಟು. ಆಟದ ಬಲದಿಂದ ಪುಕ್ಕಟೆಯಾಗಿ ಆ ದುಬಾರಿ ಖಾಸಗಿ ವಿಶ್ವವಿದ್ಯಾಲಯದಲ್ಲಿ ಓದಬಹುದಾಗಿದ್ದ ಮೂವತ್ತು ಜನರಿಗೆ ಮುಚ್ಚಿದ ಬಾಗಿಲು. ಕ್ಯಾರಲ್ ಮೇಲೆ ವೈಯಕ್ತಿಕವಾಗಿ ಯಾವ ಶಿಕ್ಷೆಯೂ ಇರಲಿಲ್ಲ. 2014ರ ಫೆಬ್ರುವರಿಯಲ್ಲಿ ಅವರು ಸಿಯಾಟಲ್‌ಗೆ ಸೂಪರ್ ಬೌಲ್ ಗೆದ್ದುಕೊಟ್ಟರು.

ಆ ಪ್ರಕರಣದಲ್ಲಿ ಕೋಚಿಂಗ್ ಬಳಗದಿಂದ ಶೋಕಾಸ್ ಬಿದ್ದಿದ್ದು ಟಾಡ್ ಮೆಕ್‌ನೇರ್ ಎಂಬ ಸಹಾಯಕ ಕೋಚ್ ಮೇಲೆ. ವಿಶ್ವವಿದ್ಯಾಲಯ ಅವರ ಗುತ್ತಿಗೆಯನ್ನು ನವೀಕರಿಸಲಿಲ್ಲ. ತನ್ನ ಹೆಸರು ಕೆಡಿಸಿದರೆಂದು ಅವರು ಎನ್‌ಸಿಎಎ ವಿರುದ್ಧ ಕೋರ್ಟಿಗೆ ಹೋದರು, ಹತ್ತು ವರ್ಷ ಹೋರಾಡಿದರು. 2018ರಲ್ಲಿ ಜ್ಯೂರಿ ತೀರ್ಪು ಅವರ ವಿರುದ್ಧ ಬಂತು, ಆಮೇಲೆ ಮರುವಿಚಾರಣೆಗೆ ಆದೇಶವಾಯಿತು, 2021ರಲ್ಲಿ ರಾಜಿಯಾಯಿತು. ದೊಡ್ಡವರು ದೊಡ್ಡ ಬಾಗಿಲಿಂದ ಹೊರನಡೆದಾಗ ಒಳಗೆ ಸಿಕ್ಕಿಬೀಳುವವರಲ್ಲಿ ಹುಡುಗರ ಜೊತೆ ಇಂಥ ಎರಡನೇ ಸಾಲಿನವರೂ ಇರುತ್ತಾರೆ. ಮೆಕ್‌ನೇರ್ ಹೆಸರು ಎಷ್ಟು ಜನರಿಗೆ ನೆನಪಿದೆ?

ಮಿಷಿಗನ್ ಪ್ರಕರಣ ಇನ್ನೂ ಹಸಿಯಾಗಿದೆ. ಅದರಲ್ಲಿ ತಪ್ಪಿನ ಬಗೆಯೂ ಬೇರೆ.

ಕಾಲೇಜು ಪಂದ್ಯದಲ್ಲಿ ಮೈದಾನದ ಅಂಚನ್ನು ಗಮನಿಸಿದ್ದೀರಾ? ಬಣ್ಣಬಣ್ಣದ ಅಂಗಿ ತೊಟ್ಟ ಮೂರು ನಾಲ್ಕು ಮಂದಿ ನಿಂತು ಮೊಣಕೈ ತಟ್ಟುತ್ತಾರೆ, ಕಿವಿ ಮುಟ್ಟುತ್ತಾರೆ, ಕೈ ತಿರುಗಿಸುತ್ತಾರೆ. ಪಕ್ಕದಲ್ಲಿ ಚಿತ್ರಗಳಿರುವ ದೊಡ್ಡ ಬೋರ್ಡ್ ಎತ್ತಿ ಹಿಡಿದಿರುತ್ತಾರೆ. ಮುಂದಿನ ಆಟ ಯಾವುದು ಎಂದು ಆಟಗಾರರಿಗೆ ಹೇಳುವ ಗುಟ್ಟಿನ ಸನ್ನೆಗಳು ಇವು. ಆ ಮೂರು ನಾಲ್ಕು ಮಂದಿಯಲ್ಲಿ ಒಬ್ಬನ ಸನ್ನೆ ಮಾತ್ರ ನಿಜ, ಉಳಿದವರದು ದಾರಿ ತಪ್ಪಿಸಲು. ಎನ್‌ಎಫ್‌ಎಲ್‌ನಲ್ಲಿ 1994ರಿಂದಲೇ ಹೆಲ್ಮೆಟ್‌ನೊಳಗೆ ರೇಡಿಯೊ ಇದೆ. ದೊಡ್ಡ ಕಾಲೇಜು ತಂಡಗಳಿಗೆ ಅದು ಸಿಕ್ಕಿದ್ದು 2024ರಲ್ಲಿ, ಈ ಹಗರಣವಾದ ಮೇಲೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಎದುರಾಳಿಯ ಸನ್ನೆಯನ್ನು ಪಂದ್ಯದ ನಡುವೆ ಕಣ್ಣಿಟ್ಟು ಬಿಡಿಸಿದರೆ ತಪ್ಪಿಲ್ಲ. ಟಿವಿ ಪ್ರಸಾರ ನೋಡಿ ಕಲಿತರೂ ತಪ್ಪಿಲ್ಲ. ಆದರೆ ಮುಂದೆ ಎದುರಾಗಲಿರುವ ತಂಡದ ಪಂದ್ಯಕ್ಕೆ ಮುಂಚಿತವಾಗಿ ಆಳು ಕಳಿಸಿ ಗಮನಿಸುವುದು 1994ರಿಂದ ನಿಷಿದ್ಧ. ವೆಚ್ಚ ತಗ್ಗಿಸಲೆಂದು ತಂದ ನಿಯಮ ಅದು. ದುಡ್ಡಿರುವ ವಿಶ್ವವಿದ್ಯಾಲಯ ದೇಶದ ತುಂಬ ಆಳು ಕಳಿಸಬಲ್ಲದು, ಬಡ ವಿಶ್ವವಿದ್ಯಾಲಯಕ್ಕೆ ಆಗದು. ಮಿಷಿಗನ್ ತಂಡದ ಕಿರಿಯ ಸಿಬ್ಬಂದಿ ಕಾನರ್ ಸ್ಟಾಲಿಯನ್ಸ್ ಈ ನಿಯಮವನ್ನೇ ಮುರಿದರು. ಬೇರೆ ಊರುಗಳ ಪಂದ್ಯಕ್ಕೆ ಟಿಕೆಟ್ ಕೊಂಡು ಪರಿಚಿತರಿಗೆ ಕಳಿಸುವುದು, ಅವರು ಆಟ ಬಿಟ್ಟು ಕೋಚ್‌ಗಳತ್ತ ಫೋನ್ ಹಿಡಿದು ಚಿತ್ರೀಕರಿಸುವುದು, ಇವರು ಅದನ್ನು ಆಟದ ಜೊತೆ ಹೊಂದಿಸಿ ಸನ್ನೆಯ ಗುಟ್ಟು ಬಿಡಿಸುವುದು. 2021ರಿಂದ 2023ರವರೆಗೆ ಕನಿಷ್ಠ 13 ಎದುರಾಳಿಗಳ 52 ಪಂದ್ಯಗಳಲ್ಲಿ, 56 ಬಾರಿ ಹೀಗೆ ನಡೆಯಿತು ಎಂದು ಎನ್‌ಸಿಎಎ ಸಮಿತಿ ಹೇಳಿದೆ. ತನಗೆ ಇದು ಗೊತ್ತಿರಲಿಲ್ಲ, ತಾನು ಭಾಗಿಯಲ್ಲ ಎಂಬುದು ಹಾರ್ಬಾ ಮೊದಲಿನಿಂದ ಹೇಳಿಕೊಂಡು ಬಂದ ಮಾತು.

2023ರ ನವೆಂಬರ್ 10, ಶುಕ್ರವಾರ. ಪೆನ್ ಸ್ಟೇಟ್ ವಿರುದ್ಧ ಮರುದಿನದ ಪಂದ್ಯಕ್ಕೆ ಮಿಷಿಗನ್ ತಂಡ ಪ್ರಯಾಣದಲ್ಲಿದ್ದಾಗ ಅದು ಆಡುವ ಬಿಗ್ ಟೆನ್ ಎಂಬ ಕಾಲೇಜು ಲೀಗ್‌ನ ಆದೇಶ ಬಂತು: ಉಳಿದ ಮೂರು ಪಂದ್ಯಗಳ ದಿನ ಹಾರ್ಬಾ ಕ್ರೀಡಾಂಗಣದಲ್ಲಿರುವಂತಿಲ್ಲ. ವಾರವಿಡೀ ಅಭ್ಯಾಸ ಮಾಡಿಸಬಹುದು, ಪಂದ್ಯದ ದಿನ ಮಾತ್ರ ಇರಬಾರದು. ಸಹಾಯಕ ಕೋಚ್ ಶೆರೋನ್ ಮೂರ್ ತಂಡವನ್ನು ಇಳಿಸಿದರು. ಆ ದಿನ ಕೊನೆಕೊನೆಗೆ ಮಿಷಿಗನ್ ಚೆಂಡನ್ನು ಗಾಳಿಗೆ ಎಸೆಯಲೇ ಇಲ್ಲ. ಸತತ 32 ಬಾರಿ ಕೈಯಲ್ಲೇ ಹಿಡಿದು ಎದುರಾಳಿಯ ಗೋಡೆಗೆ ನುಗ್ಗಿತು. 24-15ರ ಗೆಲುವು. ಟಿವಿ ಮೈಕ್ ಮುಂದೆ ಬಂದಾಗ ಮೂರ್ ಬಿಕ್ಕಿ ಬಿಕ್ಕಿ ಅತ್ತರು, ಹಾರ್ಬಾ ಹೆಸರು ಹಿಡಿದು ಇದು ನಿಮಗಾಗಿ ಎಂದರು. ಆ ಕಣ್ಣೀರು ಸುಳ್ಳಲ್ಲ. ಒಬ್ಬ ಕೋಚ್ ಮೇಲೆ ಅವರ ಜನರಿಗೆ ಎಷ್ಟು ಪ್ರೀತಿ ಇರುತ್ತದೆ ಎಂಬುದನ್ನು ಬಿಟ್ಟು ಈ ವಿಷಯ ಮಾತಾಡಿದರೆ ಅರ್ಧ ಮಾತಾಡಿದಂತೆ. ಆ ಮೇಲೆ ತಂಡ ಒಂದೂ ಪಂದ್ಯ ಸೋಲಲಿಲ್ಲ. 2024ರ ಜನವರಿ 8ರಂದು ಹ್ಯೂಸ್ಟನ್‌ನಲ್ಲಿ ವಾಷಿಂಗ್ಟನ್ ತಂಡವನ್ನು 34-13ರಿಂದ ಸೋಲಿಸಿ ಚಾಂಪಿಯನ್ ಆಯಿತು. ಹದಿನಾರು ದಿನಗಳ ನಂತರ ಹಾರ್ಬಾ ಚಾರ್ಜರ್ಸ್ ಕೋಚ್.

ಎನ್‌ಸಿಎಎ ತೀರ್ಪು ಬಂದಿದ್ದು 2025ರ ಆಗಸ್ಟ್ 15ಕ್ಕೆ. ಕೊರೊನಾ ಕಾಲದಲ್ಲಿ ನಿಯಮ ಮೀರಿ, ತಂಡಕ್ಕೆ ಸೆಳೆಯಬೇಕೆಂದಿದ್ದ ಆಟಗಾರರನ್ನು ಭೇಟಿಯಾಗಿ, ತನಿಖೆಗೆ ಸರಿಯಾದ ಮಾಹಿತಿ ಕೊಡದ ಇನ್ನೊಂದು ಪ್ರಕರಣದಲ್ಲಿ ಹಾರ್ಬಾಗೆ ಆಗಲೇ ನಾಲ್ಕು ವರ್ಷದ ಶೋಕಾಸ್ ಇತ್ತು. ಅದು 2028ರಲ್ಲಿ ಮುಗಿದ ಮರುದಿನದಿಂದ ಇನ್ನೂ ಹತ್ತು ವರ್ಷ. 2038ರ ಆಗಸ್ಟ್‌ವರೆಗೆ ಕಾಲೇಜು ಆಟ ಅವರಿಗೆ ಮುಚ್ಚಿದೆ. ಆಗ ಅವರಿಗೆ 74 ವರ್ಷ. ಕಾಗದದ ಮೇಲೆ ಇದು ಭಾರಿ ಶಿಕ್ಷೆ. ಚಾರ್ಜರ್ಸ್ ತಂಡದಲ್ಲಿ ಅವರ ಒಂದು ದಿನದ ಕೆಲಸವೂ ಇದರಿಂದ ನಿಲ್ಲಲಿಲ್ಲ.

ವಿಶ್ವವಿದ್ಯಾಲಯಕ್ಕೆ ಬಿದ್ದದ್ದು ದಂಡ. ಫುಟ್‌ಬಾಲ್ ಬಜೆಟ್‌ನ ಶೇ 10, ಮೇಲೆ 50,000 ಡಾಲರ್, ಜೊತೆಗೆ 2025 ಮತ್ತು 2026ರ ಸೀಸನ್ ನಂತರದ ಪಂದ್ಯಗಳಿಂದ ಬರಬಹುದಾದ ಆದಾಯಕ್ಕೆ ಸಮನಾದ ಮೊತ್ತ. ಎಲ್ಲ ಸೇರಿ ಎರಡು ಕೋಟಿ ಡಾಲರ್ ಮೀರುತ್ತದೆ ಎಂದು ಅಂದಾಜು. ಬೌಲ್ ನಿಷೇಧ ಹಾಕಲು ಕಾರಣಗಳಿದ್ದರೂ, ತಪ್ಪು ಮಾಡದ ಈಗಿನ ಆಟಗಾರರಿಗೆ ಅದು ಅನ್ಯಾಯವಾಗುತ್ತದೆ ಎಂದು ಸಮಿತಿಯೇ ಹೇಳಿಕೊಂಡಿತು. ಟೆನೆಸಿ ವಿಶ್ವವಿದ್ಯಾಲಯದ ಪ್ರಕರಣದಲ್ಲೂ 2023ರಲ್ಲಿ ಇದೇ ದಾರಿ ಹಿಡಿದಿತ್ತು. 2012ರ ಓಹಿಯೊ ಹುಡುಗರಿಗೆ ಈ ವಿವೇಕ ಹತ್ತು ವರ್ಷ ತಡವಾಗಿ ಬಂತು, ಆದರೂ ಬಂದದ್ದು ಒಳ್ಳೆಯದೇ. ಚಾಂಪಿಯನ್‌ಶಿಪ್ ಕಸಿಯಲಿಲ್ಲ ಏಕೆ ಎಂದು ಹಲವರು ಕೇಳುತ್ತಾರೆ. ಎನ್‌ಸಿಎಎ ಗೆಲುವು ರದ್ದು ಮಾಡುವುದು ಆಡಲು ಅರ್ಹತೆ ಇಲ್ಲದ ಆಟಗಾರ ಆಡಿದ್ದಾಗ. ಇಲ್ಲಿ ಅಂಥವರು ಯಾರೂ ಇರಲಿಲ್ಲ.

ಹಾಗಾದರೆ ಎನ್‌ಎಫ್‌ಎಲ್ ಏನು ಮಾಡಬಹುದು? ‘ಅದು ನಮ್ಮ ನಿಯಮವಲ್ಲ’ ಎಂಬ ಉತ್ತರ ಕಾನೂನಿನ ಪ್ರಕಾರ ಸರಿ. ಆದರೆ ಇದೇ ಲೀಗ್ 2011ರಲ್ಲಿ ಬೇರೆಯದೇ ನಡೆ ತೋರಿಸಿತ್ತು. ಓಹಿಯೊ ಸ್ಟೇಟ್ ಹಗರಣದ ಆಟಗಾರ ಟೆರೆಲ್ ಪ್ರಯರ್ ಕಾಲೇಜಿನಲ್ಲಿ ಐದು ಪಂದ್ಯಗಳ ನಿಷೇಧ ಬಾಕಿ ಇರುವಾಗ ಎನ್‌ಎಫ್‌ಎಲ್‌ಗೆ ಬಂದ. ಕಮಿಷನರ್ ರೋಜರ್ ಗುಡೆಲ್ ಅಲ್ಲೂ ಅವನನ್ನು ಐದು ಪಂದ್ಯ ಕೂರಿಸಿದರು. ಇಂಡಿಯಾನಾಪೊಲಿಸ್ ತಂಡ ಸಲಹೆಗಾರನಾಗಿ ತೆಗೆದುಕೊಂಡ ಟ್ರೆಸೆಲ್‌ಗೂ ಸೀಸನ್‌ನ ಮೊದಲ ಆರು ಪಂದ್ಯ ಕೆಲಸ ಸಿಗಲಿಲ್ಲ. ಅಂದರೆ ಲೀಗ್‌ಗೆ ಇದು ಸಾಧ್ಯ. ಆದರೆ ಇಪ್ಪತ್ತೆರಡರ ಹುಡುಗನಿಗೆ ಮತ್ತು ಸಲಹೆಗಾರನಿಗೆ ಅನ್ವಯಿಸಿದ ಅಳತೆಯನ್ನು ಎರಡು ವರ್ಷ ಕಳೆದು ಮುಖ್ಯ ಕೋಚ್ ಆಗಿ ಬಂದ ಕೆಲ್ಲಿಗೆ ಅನ್ವಯಿಸಲಿಲ್ಲ, ಹಾರ್ಬಾಗೂ ಅನ್ವಯಿಸಲಿಲ್ಲ. ಕೆಲ್ಲಿಯ 18 ತಿಂಗಳ ಶೋಕಾಸ್ ಅವರು ಫಿಲಡೆಲ್ಫಿಯಾದಲ್ಲಿ ಸಂಬಳ ಎಣಿಸುತ್ತಿದ್ದಾಗಲೇ ಮುಗಿದುಹೋಯಿತು. 2017ರಲ್ಲಿ ಕಾಲೇಜು ಆಟಕ್ಕೆ ವಾಪಸಾದಾಗ ಅವರನ್ನು ಕೇಳುವವರಿರಲಿಲ್ಲ.

ಇದಕ್ಕೆ ಎದುರು ವಾದವೊಂದಿದೆ, ಅದು ಹಗುರವಾದದ್ದಲ್ಲ. ಎನ್‌ಸಿಎಎ ನಿಯಮಗಳಲ್ಲಿ ಬಹುಪಾಲು ಆಟಗಾರರಿಗೆ ದುಡ್ಡು ಸೇರದಂತೆ ನೋಡಿಕೊಳ್ಳಲು ಮಾಡಿದ್ದವು. ಕೋಟಿಗಟ್ಟಲೆ ಡಾಲರ್ ವ್ಯವಹಾರದಲ್ಲಿ ಬೆವರು ಸುರಿಸುವವನಿಗೆ ಮಾತ್ರ ಬಿಡಿಗಾಸಿಲ್ಲ ಎಂಬ ವ್ಯವಸ್ಥೆ ಅದು. 2021ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಗಳಿಸಬಹುದು. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರ್ ಮಿತಿಯಲ್ಲಿ. ಹಗರಣದಿಂದಾಗಿ ಬುಷ್ 2010ರಲ್ಲಿ ಬಿಟ್ಟುಕೊಟ್ಟಿದ್ದ, ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್ಮನ್ ಟ್ರೋಫಿಯನ್ನು 2024ರ ಏಪ್ರಿಲ್‌ನಲ್ಲಿ ಮರಳಿಸಿದ್ದೂ ಕಾಲ ಬದಲಾಗಿದೆ ಎಂಬ ಕಾರಣ ಕೊಟ್ಟೇ. ಹೀಗಿರುವಾಗ ಆ ಹಳೆಯ ನಿಯಮಗಳ ತೀರ್ಪನ್ನು ಎನ್‌ಎಫ್‌ಎಲ್ ಕಣ್ಣು ಮುಚ್ಚಿ ಜಾರಿ ಮಾಡಬೇಕೆಂದು ನಾನು ಹೇಳಲಾರೆ. ಪ್ರಯರ್‌ಗೆ ಆದದ್ದೂ ಅನ್ಯಾಯವೇ ಎಂದು ಇಂದು ಅನಿಸುತ್ತದೆ.

ಆದರೆ ಎದುರಾಳಿಯ ಗುಟ್ಟು ಕದಿಯಲು ಆಳು ಕಳಿಸುವುದು ಆ ಜಾತಿಯ ತಪ್ಪಲ್ಲ. ದುಡ್ಡಿನ ನಿಯಮ ಎಷ್ಟೇ ಬದಲಾಗಲಿ, ಆಟ ಆಟವಾಗಿ ಉಳಿಯಲು ಬೇಕಾದ ನಿಯಮ ಅದು. ತನಿಖೆಗೆ ಸುಳ್ಳು ಹೇಳುವುದೂ ಹಾಗೆಯೇ. ದುಡ್ಡಿನ ತಪ್ಪು, ಇಂಥ ಮೋಸ ಎಂಬ ಎರಡು ಬಗೆಯನ್ನು ಬೇರ್ಪಡಿಸಿ, ಎರಡನೆಯದಕ್ಕಾದರೂ ಶಿಕ್ಷೆ ವ್ಯಕ್ತಿಯ ಬೆನ್ನಿಗೆ ಹೋಗುವಂತೆ ಮಾಡಬೇಕು.

ಅದಕ್ಕೆ ಹತ್ತಿರದ ದಾರಿ ಗುತ್ತಿಗೆ ಪತ್ರ. ಈಗಿನ ಗುತ್ತಿಗೆಗಳು ಕೆಲಸದಲ್ಲಿ ಉಳಿದವನನ್ನು ಮಾತ್ರ ಕಚ್ಚುತ್ತವೆ. ಟೆನೆಸಿ ವಿಶ್ವವಿದ್ಯಾಲಯ 2021ರಲ್ಲಿ ತನ್ನ ಕೋಚ್ ಜೆರೆಮಿ ಪ್ರುಯಿಟ್ ಅವರನ್ನು ನಿಯಮಭಂಗದ ಕಾರಣ ಕೊಟ್ಟು ತೆಗೆದಾಗ, ಸುಮ್ಮನೆ ತೆಗೆದಿದ್ದರೆ ಕೊಡಬೇಕಿದ್ದ 1.26 ಕೋಟಿ ಡಾಲರ್ ಕೊಡಬೇಕಾಗಲಿಲ್ಲ. ಇದನ್ನು ನೋಡಿದ ಯಾವ ಕೋಚ್ ಆದರೂ ಏನು ಕಲಿಯುತ್ತಾನೆ? ತೆಗೆದುಹಾಕುವ ಮುನ್ನ ತಾನೇ ಹೋಗಬೇಕೆಂದು. ಗುತ್ತಿಗೆಯೇ ಅವನನ್ನು ಬಾಗಿಲ ಕಡೆ ತಳ್ಳುತ್ತಿದೆ. ಅದರ ಬದಲು, ಗೆದ್ದಾಗ ಕೊಡುವ ಬೋನಸ್ಸನ್ನು ತನಿಖೆ ಮುಗಿಯುವವರೆಗೆ ತಡೆಹಿಡಿಯಲಿ. ತಪ್ಪು ಸಾಬೀತಾದರೆ, ಅವನು ಯಾವ ಲೀಗ್‌ನಲ್ಲಿದ್ದರೂ, ಆ ಹಣ ದಂಡಕ್ಕೆ ಹೋಗಲಿ. ಇದಕ್ಕೆ ಎನ್‌ಎಫ್‌ಎಲ್ ಅನುಮತಿ ಬೇಡ, ಹೊಸ ಕಾನೂನೂ ಬೇಡ. ಸಹಿ ಹಾಕುವ ದಿನ ವಿಶ್ವವಿದ್ಯಾಲಯಕ್ಕೆ ಧೈರ್ಯ ಇದ್ದರೆ ಸಾಕು. ಗೆಲ್ಲಿಸುವ ಕೋಚ್ ಎದುರು ಕೂತಾಗ ಆ ಧೈರ್ಯವೇ ಇರುವುದಿಲ್ಲ. ಪಕ್ಕದ ವಿಶ್ವವಿದ್ಯಾಲಯ ಇಂಥ ಷರತ್ತಿಲ್ಲದೆ ಕರೆದುಕೊಂಡು ಹೋಗುತ್ತದೆ ಎಂಬ ಭಯ.

2023ರ ಜನವರಿಯಿಂದ ಎನ್‌ಸಿಎಎ ಒಂದು ನಿಯಮ ಬಿಗಿಗೊಳಿಸಿದೆ. ಸಿಬ್ಬಂದಿಯ ತಪ್ಪಿಗೆ ಮುಖ್ಯ ಕೋಚ್ ತಾನಾಗಿಯೇ ಹೊಣೆ, ‘ನನಗೆ ಗೊತ್ತಿರಲಿಲ್ಲ’ ಎಂದು ತಪ್ಪಿಸಿಕೊಳ್ಳುವಂತಿಲ್ಲ. ಒಳ್ಳೆಯ ಹೆಜ್ಜೆ. ಬೇಲಿಯ ಆಚೆ ಅದೂ ನಡೆಯುವುದಿಲ್ಲ.

ತನಿಖೆಯ ವೇಗದ ಮಾತೂ ಇದೆ. ಮಿಷಿಗನ್ ಗೂಢಚರ್ಯೆ ಬಯಲಾಗಿದ್ದು 2023ರ ಅಕ್ಟೋಬರ್‌ನಲ್ಲಿ, ತೀರ್ಪಿಗೆ ಇಪ್ಪತ್ತೆರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಹಾರ್ಬಾ ಲಾಸ್ ಏಂಜಲೀಸ್‌ನಲ್ಲಿ ಒಂದು ಸೀಸನ್ ಮುಗಿಸಿದ್ದರು. ಸ್ಟಾಲಿಯನ್ಸ್ 2023ರ ನವೆಂಬರ್‌ನಲ್ಲೇ ರಾಜೀನಾಮೆ ಕೊಟ್ಟಿದ್ದರು. ಎಂಟು ವರ್ಷದ ಶೋಕಾಸ್ ಅವರ ಹೆಸರಿಗಿದೆ. ಸ್ಟಾಲಿಯನ್ಸ್ ಜೊತೆಗಿನ 52 ಸಂದೇಶಗಳನ್ನು ಅಳಿಸಿದ್ದಕ್ಕೆ ಮೂರ್‌ಗೂ ಶಿಕ್ಷೆಯಾಯಿತು. ಹಾರ್ಬಾ ಜಾಗಕ್ಕೆ ಬಂದಿದ್ದ ಅವರು ಬೇರೆಯದೇ ಕಾರಣಕ್ಕೆ 2025ರ ಡಿಸೆಂಬರ್‌ನಲ್ಲಿ ಕೆಲಸ ಕಳೆದುಕೊಂಡರು. ಶಿಕ್ಷೆಗೊಳಗಾದ ಈ ಮೂವರಲ್ಲಿ ಒಬ್ಬರೂ ಈಗ ಆನ್ ಆರ್ಬರ್‌ನಲ್ಲಿಲ್ಲ. ದಂಡದ ಲೆಕ್ಕ ಮಾತ್ರ 2026ರ ಸೀಸನ್‌ವರೆಗೂ ಬೆಳೆಯುತ್ತದೆ. ಆ ಸೀಸನ್‌ಗೆ ಹೊಸದಾಗಿ ಸೇರುವ ಹುಡುಗನಿಗೆ, ಸ್ಟಾಲಿಯನ್ಸ್ ಮೊದಲ ಆಳನ್ನು ಪಂದ್ಯಕ್ಕೆ ಕಳಿಸಿದಾಗ ಹದಿಮೂರು ವರ್ಷ.